ಪೇಟಿಯ ಸುರ, ದಾಸರ ಪದ



ರಾಯಚೂರಿನಿಂದ ಯರಗೇರಾ ದಾಟಿ ದಕ್ಷಿಣಕ್ಕೆ ಹೊರಟರೆ ತುಂಗಭದ್ರೆ, ಹೊಳೆಯಾಚೆ ಮಂತ್ರಾಲಯ. ಈ ಸೀಮೆಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಒಂದೇ ಕಟ್ಟೆಯ ಮೇಲೆ ಕೂತಿರುತ್ತವೆ. ಹಾಡೂ ಹಾಗೆಯೇ.

ಭಜನೆ ನಡೆಯುವ ರಾತ್ರಿ ಹೋಗಿ ಕೂತು ನೋಡಿ. ಹಾರ್ಮೋನಿಯಂ ಪೇಟಿಯ ಮಾಸ್ತರರು ಎಡಗೈಯಿಂದ ಗಾಳಿ ಒತ್ತುತ್ತ, ಹಾಡುವವರ ಕಂಠ ಅಂದಾಜು ಮಾಡಿ ಕರಿ ಎರಡರ ಮನೆಗೋ ಬಿಳಿ ನಾಲ್ಕರ ಮನೆಗೋ ಸುರ ಹಿಡಿಯುತ್ತಾರೆ. ತಬಲಾ, ತಾಳ ಕೂಡಿಕೊಳ್ಳುತ್ತವೆ. ದಾಸರ ಪದ ಮುಗಿದರೆ ಕಡಕೋಳ ಮಡಿವಾಳಪ್ಪನವರ ತತ್ವಪದ, ಅದರ ಬೆನ್ನಿಗೇ ಅವರ ಶಿಷ್ಯ ಚನ್ನೂರ ಜಲಾಲಸಾಬರದು. ಮೊಹರಂ ಬಂತೆಂದರೆ ಇದೇ ಜನ ಬೆಂಕಿಯ ಅಲಾಯಿ ಕುಣಿಯ ಸುತ್ತ ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತಾರೆ, ರಿವಾಯತ ಎಂಬ ಮೊಹರಂ ಪದ ಹಾಡುತ್ತಾರೆ.

ಆ ಪೇಟಿ ಹುಟ್ಟಿದ್ದು ಯುರೋಪಿನಲ್ಲಿ. ಅದನ್ನು ನೆಲದ ಮೇಲೆ ಕೂತು ನುಡಿಸುವ ಹಾಗೆ ತಿದ್ದಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ನಮ್ಮ ಆಕಾಶವಾಣಿಯೇ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತ್ತು. ಅದರ ಸ್ವರಗಳು ಗಟ್ಟಿಯಾಗಿ ನಿಂತುಬಿಡುತ್ತವೆ, ಒಂದರಿಂದ ಒಂದಕ್ಕೆ ಜಾರಲಾರವು, ಮೀಂಡ್ ಬಾರದು ಎಂಬುದು ದೂರು. ಆ ವಾದದಲ್ಲಿ ಹುರುಳಿತ್ತು. 1971ರ ತನಕ ನಿಷೇಧ ನಡೆಯಿತು. ಹಳ್ಳಿಯ ಭಜನೆಯವರು ಮಾತ್ರ ಪೇಟಿಯನ್ನು ಬಿಡಲಿಲ್ಲ. ಶಾಸ್ತ್ರ ಕಲಿಯದ ಕಂಠಕ್ಕೆ ಅದರಷ್ಟು ಆಸರೆ ಕೊಡುವ ವಾದ್ಯ ಇನ್ನೊಂದಿರಲಿಲ್ಲ. ಅವರ ತೀರ್ಮಾನವೇ ಸರಿಯಾಗಿತ್ತು ಎಂದು ನನ್ನ ನಂಬಿಕೆ.

ಹೊರಗಿನ ವಾದ್ಯ ಊರಿನದೇ ಆಗಿಬಿಡುವುದು ದೂರದ ಅರ್ಜೆಂಟೀನಾದಲ್ಲೂ ಆಯಿತು. ಜರ್ಮನಿಯಿಂದ ಹೋದ ಬ್ಯಾಂಡೋನಿಯನ್ ಎಂಬ ಗಾಳಿಪೆಟ್ಟಿಗೆ ಟ್ಯಾಂಗೊ ಸಂಗೀತದ ಉಸಿರಾಯಿತು. ಕ್ಯೂಬಾದಲ್ಲಿ ಸ್ಪೇನಿನ ಗಿಟಾರಿನ ಜೊತೆ ಆಫ್ರಿಕಾದ ಲಯ ಬೆರೆಯಿತು. ಆ ಲಯವನ್ನು ತಂದವರು ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟವರು. ಅಲ್ಲಿನ ಕುಣಿತದ ಹುರುಪು ಕೇಳುವಾಗ ಆ ನೋವನ್ನು ಮರೆಯಬಾರದು.

ನಮ್ಮ ದಾಸರ ಪದಗಳ ನಡಿಗೆಯೂ ಸಣ್ಣದಲ್ಲ. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗದ ಮೊಸರಕಲ್ಲಿನವರು, ಜಗನ್ನಾಥದಾಸರು ಬ್ಯಾಗವಾಟದವರು. ಅವರು ಹಾಡಿದ ಧಾಟಿಗಳನ್ನು ಆಗ ಯಾರೂ ಸ್ವರ ಹಾಕಿ ಬರೆದಿಡಲಿಲ್ಲ. ಧಾಟಿ ಕಳೆದರೂ ಪದ ಉಳಿದು ಬೇರೆ ಧಾಟಿಗಳಿಗೆ ಒಗ್ಗಿತು. ಉತ್ತರದ ಕೈರಾನಾದಿಂದ ಬಂದ ಉಸ್ತಾದ್ ಅಬ್ದುಲ್ ಕರೀಂ ಖಾನರು ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದರು, ಅವರು ಭೀಮಸೇನ ಜೋಶಿಯವರಿಗೆ. ಜೋಶಿಯವರು ಆ ಗಾಯನ ಶೈಲಿಯಲ್ಲೇ ದಾಸವಾಣಿ ಹಾಡಿದರು. ಇಂದು ನಮ್ಮ ಮನೆಗಳಲ್ಲಿ ಬೆಳಗ್ಗೆ ಕೇಳುವ ದಾಸರ ಪದದೊಳಗೆ ಒಬ್ಬ ಉಸ್ತಾದರ ಸಾಧನೆಯೂ ಇದೆ.

ದಾಸರ ಧಾಟಿಗೆ ಆದ ಗತಿ ರಿವಾಯತಗಳಿಗೆ ಆಗಬಾರದು. ಅವು ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದವು. ನಿಮ್ಮೂರಲ್ಲಿ ಬಲ್ಲ ಹಿರಿಯರಿದ್ದರೆ, ಬರುವ ಮೊಹರಂಗೆ ಮುಂಚೆಯೇ ಅವರ ಹತ್ತಿರ ಕೂತು ಹಾಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹಾಡಿದವರ ಹೆಸರು, ಅವರಿಗೆ ಕಲಿಸಿದವರ ಹೆಸರು ಎರಡನ್ನೂ ಬರೆದಿಡಿ.