ಹಿಡುವಳಿಗೆ ತಕ್ಕ ಟ್ರ್ಯಾಕ್ಟರ್ ಯಾವುದು?



ಬೆಂಗಳೂರಿನ ಹಲಸೂರು ದಾಟಿ ಹಳೆಯ ಮದ್ರಾಸು ರಸ್ತೆಯಲ್ಲಿ ಪೂರ್ವಕ್ಕೆ ಹೊರಟರೆ ಇಂದಿರಾನಗರ, ಕೃಷ್ಣರಾಜಪುರ, ಮುಂದೆ ಹೊಸಕೋಟೆ ಸಿಗುತ್ತವೆ. ಒಂದು ಕಾಲಕ್ಕೆ ಈ ದಾರಿಯ ಎರಡೂ ಕಡೆ ಕೆರೆಯ ಕೆಳಗೆ ಬತ್ತ, ಬಾವಿಯ ಕೆಳಗೆ ಸೊಪ್ಪು ತರಕಾರಿ, ಖುಷ್ಕಿಯಲ್ಲಿ ರಾಗಿ ಬೆಳೆಯುತ್ತಿತ್ತು. ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಬೆಳಗಾಗುವ ಮುನ್ನ ಗಾಡಿ ಹೊಡೆದ ಮನೆತನಗಳು ಇಲ್ಲಿದ್ದವು. ಇಂದು ಆ ಭೂಮಿಯ ಬಹುಪಾಲು ಬಡಾವಣೆಯಾಗಿದೆ. ಬಿದರಹಳ್ಳಿ, ವರ್ತೂರು ಹೋಬಳಿಗಳಲ್ಲಿ ಮತ್ತು ಹೊಸಕೋಟೆಯ ಕಡೆ ಉಳಿದಿರುವ ಜಮೀನು 2 ಎಕರೆ, 4 ಎಕರೆ, 5 ಎಕರೆಯ ತುಂಡುಗಳು. ಒಂದು ಪಕ್ಕ ಕಾಂಪೌಂಡು ಗೋಡೆ, ಇನ್ನೊಂದು ಪಕ್ಕ ನಿವೇಶನದ ಕಲ್ಲು. ಎತ್ತಿನ ಜೋಡಿ ಸಾಕುವವರು ಕಡಿಮೆಯಾಗಿದ್ದಾರೆ. ಆಳು ಸಿಗುವುದು ಕಷ್ಟ. ಹೀಗಾಗಿ ಸಣ್ಣ ಟ್ರ್ಯಾಕ್ಟರಿನ ಮಾತು ಪ್ರತಿಯೊಂದು ಮನೆಯಲ್ಲೂ ಬರುತ್ತದೆ.

ಆದರೆ ಅಂಗಡಿಗೆ ಹೋದ ರೈತನು ಕೇಳುವ ಮೊದಲನೆಯ ಪ್ರಶ್ನೆ, "ಇದು ಎಷ್ಟು ಅಶ್ವಶಕ್ತಿಯದು?" ಎಂದು. ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಯಾವ ಕೆಲಸ, ಎಷ್ಟು ದಿನದಲ್ಲಿ, ಎಂಥ ಮಣ್ಣಿನಲ್ಲಿ, ಎಷ್ಟು ಅಗಲದ ದಾರಿಯಲ್ಲಿ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಅಶ್ವಶಕ್ತಿ ತಾನಾಗಿಯೇ ಗೊತ್ತಾಗುತ್ತದೆ. ಈ ಕ್ರಮ ತಪ್ಪಿದರೆ 5 ಎಕರೆಯ ರೈತನು 15 ಎಕರೆಯ ಯಂತ್ರ ಕೊಂಡು, ಅದರ ಕಂತು ಕಟ್ಟಲು ಅರ್ಧ ಎಕರೆ ಮಾರುವ ಸ್ಥಿತಿ ಬರಬಹುದು. ಪಟ್ಟಣದ ಮಗ್ಗುಲಲ್ಲಿ ಹಾಗೆ ಕೈಬಿಟ್ಟ ಭೂಮಿ ಮತ್ತೆ ಕೈಗೆ ಬರುವುದಿಲ್ಲ.

ಸಣ್ಣ ಯಂತ್ರ ಈ ಭಾಗಕ್ಕೆ ಹೊಸದಲ್ಲ

1967ರಲ್ಲಿ ಸ್ಥಾಪನೆಯಾದ ವಿ.ಎಸ್.ಟಿ. ಟಿಲ್ಲರ್ಸ್ ಸಂಸ್ಥೆಯು ಜಪಾನಿನ ಮಿತ್ಸುಬಿಷಿ ಕಂಪನಿಯ ಸಹಯೋಗದಿಂದ ಕೃಷ್ಣರಾಜಪುರಕ್ಕೆ ಸಮೀಪದ ಮಹದೇವಪುರದಲ್ಲಿ ಪವರ್ ಟಿಲ್ಲರುಗಳನ್ನು ತಯಾರಿಸಿತು. ಮುಂದೆ ಅದೇ ಸಂಸ್ಥೆಯಿಂದ 18.5 ಅಶ್ವಶಕ್ತಿಯ ನಾಲ್ಕು ಚಕ್ರದ ಸಣ್ಣ ಟ್ರ್ಯಾಕ್ಟರೂ ಬಂದಿತು. ಈಗ ಇಂತಹ ಟ್ರ್ಯಾಕ್ಟರುಗಳನ್ನು ಹಲವು ಕಂಪನಿಗಳು ತಯಾರಿಸುತ್ತಿವೆ.

ಪವರ್ ಟಿಲ್ಲರ್ ಜಪಾನಿನ ಸಣ್ಣ ಸಣ್ಣ ಬತ್ತದ ಗದ್ದೆಗಳಿಗೆ ಹೊಂದಿದ ಯಂತ್ರ. ಕೆರೆಯ ಕೆಳಗಿನ ತರಿ ಜಮೀನಿಗೆ ಅದು ಚೆನ್ನಾಗಿ ಒಗ್ಗಿತು. ಖುಷ್ಕಿಯಲ್ಲಿ ಮಾತ್ರ ಅದರ ಹಿಂದೆ ನಡೆಯುವವನ ಕಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 60 ಸೆಂಟಿಮೀಟರ್ ಅಗಲ ಉಳುವ ಟಿಲ್ಲರಿನಲ್ಲಿ ಒಂದು ಎಕರೆಯನ್ನು ಒಂದು ಸಾಲು ಮುಗಿಸಲು ಸುಮಾರು 6.7 ಕಿಲೋಮೀಟರ್ ನಡೆಯಬೇಕಾಗುತ್ತದೆ. ಎರಡು ಎಕರೆಯವರೆಗೆ ಇದು ಸಾಧ್ಯ. ಐದು ಎಕರೆಗೆ ಇದು ಮನುಷ್ಯನನ್ನು ಸವೆಸುವ ಕೆಲಸ.

ಹದ ಇರುವಷ್ಟು ದಿನವೇ ಅಳತೆಗೋಲು

ಈ ಭಾಗದ ಕೆಂಪು ಮರಳು ಮಿಶ್ರಿತ ಗೋಡು ಮಣ್ಣು ಬೇಗ ನೀರು ಬಸಿಯುತ್ತದೆ, ಬೇಗ ಗಟ್ಟಿಯಾಗುತ್ತದೆ. ಒಳ್ಳೆಯ ಮಳೆ ಬಿದ್ದ ಮೇಲೆ ಉಳುಮೆಯ ಹದ ಮೂರು ನಾಲ್ಕು ದಿನ ಸಿಕ್ಕಿದರೆ ಹೆಚ್ಚು. ಆ ಅವಧಿಯಲ್ಲಿ ಕೆಲಸ ಮುಗಿಸುವ ಯಂತ್ರ ಬೇಕು. ಅದಕ್ಕಿಂತ ದೊಡ್ಡದು ಅನಗತ್ಯ.

ಒಂದು ಲೆಕ್ಕ ನೋಡಬಹುದು. 18 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಐದು ಹಲ್ಲಿನ ಕಲ್ಟಿವೇಟರ್ ಕಟ್ಟಿದರೆ ಅಗಲ ಸುಮಾರು 1.1 ಮೀಟರ್. ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಅದು 4,400 ಚದರ ಮೀಟರ್ ಉಳಬೇಕು. ತಿರುವು, ನಿಲುಗಡೆಗಳಿಗೆ ಶೇಕಡ 30 ಕಳೆದರೆ ಉಳಿಯುವುದು 3,080 ಚದರ ಮೀಟರ್. ಎಕರೆಗೆ 4,047 ಚದರ ಮೀಟರ್ ಆದ್ದರಿಂದ ಒಂದು ಎಕರೆಗೆ ಹಿಡಿಯುವುದು 1 ಗಂಟೆ 20 ನಿಮಿಷ. ಎರಡು ಸಾಲು ಉತ್ತರೆ 5 ಎಕರೆಗೆ ಸುಮಾರು 13 ಗಂಟೆ. ದಿನಕ್ಕೆ 6 ಗಂಟೆಯಂತೆ ಮೂರು ದಿನದಲ್ಲಿ ಸಿಗುವ ಕೆಲಸದ ವೇಳೆ 18 ಗಂಟೆ. ಅಂದರೆ 5 ಎಕರೆಗೆ ಈ ಸಣ್ಣ ಯಂತ್ರ ಧಾರಾಳವಾಗಿ ಸಾಕು. 12 ಎಕರೆಯಿದ್ದರೆ 31 ಗಂಟೆ ಬೇಕು; ಆಗ ಅದು ಸಾಲದು.

45 ಅಶ್ವಶಕ್ತಿಯ ಟ್ರ್ಯಾಕ್ಟರ್ ಒಂಬತ್ತು ಹಲ್ಲಿನ ಕಲ್ಟಿವೇಟರಿನಿಂದ ಇದೇ 5 ಎಕರೆಯನ್ನು ಸುಮಾರು 6 ಗಂಟೆಯಲ್ಲಿ ಮುಗಿಸೀತು. ಉಳಿದದ್ದು 7 ಗಂಟೆ. ಆ 7 ಗಂಟೆಗಾಗಿ ಬಹಳ ದೊಡ್ಡ ಸಾಲ ಹೊರುವುದು ಬುದ್ಧಿವಂತಿಕೆಯಲ್ಲ. ಮೇಲಾಗಿ ತುಂಡು ಜಮೀನಿನಲ್ಲಿ ದೊಡ್ಡ ಯಂತ್ರಕ್ಕೆ ತಿರುಗಲು ಹೆಚ್ಚು ಜಾಗ ಬೇಕು. ಬದುವಿನ ಅಂಚು ಉಳದೆ ಉಳಿಯುತ್ತದೆ.

ಎಳೆಯುವುದು ತೂಕ, ತಿರುಗಿಸುವುದು ಎಂಜಿನ್

ಅಶ್ವಶಕ್ತಿಯೊಂದೇ ನೇಗಿಲನ್ನು ಎಳೆಯಲಾರದು. ಚಕ್ರ ಮಣ್ಣನ್ನು ಕಚ್ಚಿ ಹಿಡಿಯಬೇಕು, ಅದಕ್ಕೆ ತೂಕ ಬೇಕು. ಉದಾಹರಣೆಗೆ 700 ಕಿಲೋ ತೂಕದ, ಹಿಂದಿನ ಎರಡೇ ಚಕ್ರ ಎಳೆಯುವ ಟ್ರ್ಯಾಕ್ಟರಿನಲ್ಲಿ ಹಿಂಚಕ್ರದ ಮೇಲೆ ಬೀಳುವ ಭಾರ ಸುಮಾರು 420 ಕಿಲೋ. ಉತ್ತ ಮಣ್ಣಿನಲ್ಲಿ ಆ ಭಾರದ ಅರ್ಧಕ್ಕಿಂತ ಕಡಿಮೆ ಮಾತ್ರ ಎಳೆತವಾಗಿ ದೊರೆಯುತ್ತದೆ, ಅಂದರೆ 190 ಕಿಲೋ ಆಸುಪಾಸು. ಐದು ಹಲ್ಲಿನ ಕಲ್ಟಿವೇಟರ್ ಹದವಾದ ಕೆಂಪು ಮಣ್ಣಿನಲ್ಲಿ ಬಯಸುವುದೂ ಹೆಚ್ಚುಕಡಿಮೆ ಅಷ್ಟೇ. ಮಣ್ಣು ಸ್ವಲ್ಪ ಗಟ್ಟಿಯಾದರೂ ಎಂಜಿನ್ನಿನಲ್ಲಿ ಬಲವಿದ್ದು ಚಕ್ರ ಮಾತ್ರ ನಿಂತಲ್ಲೇ ಸುತ್ತುತ್ತದೆ. ಡೀಸೆಲ್ ಖರ್ಚಾಗುತ್ತದೆ, ಟಯರು ಸವೆಯುತ್ತದೆ. ಅದೇ ತೂಕದ ಯಂತ್ರದಲ್ಲಿ ನಾಲ್ಕೂ ಚಕ್ರ ಎಳೆಯುವಂತಿದ್ದರೆ ಎಳೆತ 300 ಕಿಲೋ ದಾಟುತ್ತದೆ. ಆದ್ದರಿಂದ 25 ಅಶ್ವಶಕ್ತಿಯ ಒಳಗಿನ ಯಂತ್ರ ಕೊಳ್ಳುವವರು ನಾಲ್ಕು ಚಕ್ರ ಎಳೆತದ ಮಾದರಿಯನ್ನು ಆರಿಸುವುದು ಲೇಸು.

ರೋಟವೇಟರಿನ ಕೆಲಸ ಬೇರೆ ರೀತಿಯದು. ಅದು ಎಳೆತಕ್ಕಿಂತ ಪಿ.ಟಿ.ಓ. ಶಕ್ತಿಯನ್ನು ನಂಬಿದೆ. ಕಂಪನಿಯ ಕಾಗದದಲ್ಲಿ ದೊಡ್ಡದಾಗಿ ಅಚ್ಚು ಹಾಕುವುದು ಎಂಜಿನ್ನಿನ ಅಶ್ವಶಕ್ತಿ. ಪಿ.ಟಿ.ಓ.ಗೆ ತಲಪುವುದು ಅದರ ಶೇಕಡ 85ರಷ್ಟು. 18 ಅಶ್ವಶಕ್ತಿಗೆ 3 ಅಡಿಯ ರೋಟವೇಟರ್, 25ರಿಂದ 28ಕ್ಕೆ 4 ಅಡಿಯದು ಎಂಬುದು ಸ್ಥೂಲ ಲೆಕ್ಕ. ದೊಡ್ಡ ರೋಟವೇಟರನ್ನು ಸಣ್ಣ ಯಂತ್ರಕ್ಕೆ ಕಟ್ಟಿದರೆ ಎಂಜಿನ್ ಉಸಿರು ಕಟ್ಟುತ್ತದೆ.

ಇನ್ನೊಂದು ಎಚ್ಚರಿಕೆ. ವರ್ಷಾನುಗಟ್ಟಲೆ ಬರೀ ರೋಟವೇಟರ್ ಹೊಡೆದರೆ ಅದರ ಅಲಗು ಮುಟ್ಟುವ ಆಳದ ಕೆಳಗೆ ಮಣ್ಣು ಹೆಂಟೆಗಟ್ಟಿ ಪದರವಾಗುತ್ತದೆ. ಬೇರು ಇಳಿಯದು, ನೀರು ಇಂಗದು. ಎರಡು ಮೂರು ವರ್ಷಕ್ಕೊಮ್ಮೆ ಆಳವಾದ ಉಳುಮೆ ಬೇಕು. ಆ ಒಂದು ದಿನದ ಕೆಲಸಕ್ಕೆ ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಯಬೇಕೇ ಹೊರತು ಅದಕ್ಕಾಗಿ ದೊಡ್ಡದನ್ನು ಕೊಳ್ಳಬಾರದು.

ಅಗಲ ಮತ್ತು ಎತ್ತರ

ಹಿಪ್ಪುನೇರಳೆಯನ್ನು ಜೋಡಿ ಸಾಲಿನಲ್ಲಿ ನೆಟ್ಟವರಿಗೆ ಎರಡು ಜೋಡಿಗಳ ನಡುವೆ 5 ಅಡಿ ಸಿಗುತ್ತದೆ. ಟಯರಿನ ಹೊರ ಅಂಚಿನಿಂದ ಹೊರ ಅಂಚಿಗೆ ಮೂರೂವರೆ ಅಡಿಯೊಳಗಿರುವ ಯಂತ್ರ ಅಲ್ಲಿ ಕೊಂಬೆ ಮುರಿಯದೆ ಓಡಾಡಬಲ್ಲದು. ದ್ರಾಕ್ಷಿ ಚಪ್ಪರವಿದ್ದವರು ಕಂಬಗಳ ನಡುವಿನ ಅಂತರವನ್ನೂ, ಗೊಂಚಲು ಇಳಿಬಿದ್ದಾಗಿನ ಎತ್ತರವನ್ನೂ ಅಳೆಯಬೇಕು. ಚಾಲಕ ಕುಳಿತಾಗ ಅವನ ತಲೆ, ಹೊಗೆ ಕೊಳವೆಯ ತುದಿ ಎರಡೂ ಚಪ್ಪರಕ್ಕೆ ತಾಗಬಾರದು. ಮಾವಿನ ತೋಪಿನಲ್ಲಿ ಸಾಲಿನ ಅಂತರ ಸಾಕಷ್ಟಿದ್ದರೂ ತಗ್ಗಿದ ಕೊಂಬೆಗಳು ಅಡ್ಡ ಬರುತ್ತವೆ. ಬಡಾವಣೆಯ ನಡುವೆ ಉಳಿದ ಜಮೀನಾದರೆ ಹೊಲಕ್ಕೆ ಹೋಗುವ ದಾರಿ, ಗೇಟು, ಮೋರಿಯ ಮೇಲಿನ ಚಪ್ಪಡಿ ಇವುಗಳನ್ನೂ ಪರೀಕ್ಷಿಸಬೇಕು. ಅಂಗಡಿಗೆ ಹೋಗುವಾಗ ಈ ಅಳತೆಗಳ ಚೀಟಿ ಜೇಬಿನಲ್ಲಿರಲಿ.

ಟ್ರೇಲರ್ ಮತ್ತು ಪ್ರಾಣ

ಸಣ್ಣ ಟ್ರ್ಯಾಕ್ಟರ್ ಗೊಬ್ಬರ, ಸೌದೆ, ತರಕಾರಿ ಮೂಟೆಗಳನ್ನು ಸಾಗಿಸಬಲ್ಲದು. ಸಪಾಟು ರಸ್ತೆಯಲ್ಲಿ ಎರಡು ಟನ್ನನ್ನೂ ಎಳೆದೀತು. ಕಷ್ಟವಿರುವುದು ನಿಲ್ಲಿಸುವುದರಲ್ಲಿ. ಇಳಿಜಾರಿನಲ್ಲಿ ಭಾರ ತುಂಬಿದ ಟ್ರೇಲರ್ ಹಗುರ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕಿ ಅಡ್ಡ ತಿರುಗಿಸುತ್ತದೆ. ಟ್ರೇಲರಿಗೆ ತನ್ನದೇ ಬ್ರೇಕಿಲ್ಲದಿದ್ದರೆ ಟ್ರೇಲರೂ ಸರಕೂ ಸೇರಿ ಟ್ರ್ಯಾಕ್ಟರಿನ ತೂಕದ ಒಂದೂವರೆ ಪಟ್ಟು ಮೀರಬಾರದು. 700 ಕಿಲೋ ಯಂತ್ರಕ್ಕೆ ಇದು ಸುಮಾರು ಒಂದು ಟನ್. ಹಳೆಯ ಮದ್ರಾಸು ರಸ್ತೆಯ ವಾಹನ ಸಂದಣಿಯಲ್ಲಿ ಓಡಾಡುವವರು ಈ ಮಿತಿಯನ್ನು ಮರೆಯಬಾರದು.

ಕಿರಿದಾದ ಟ್ರ್ಯಾಕ್ಟರ್ ಸಾಲಿನೊಳಗೆ ಅನುಕೂಲ, ಬದುವಿನ ಮೇಲೆ ಅಪಾಯ. ಅಗಲ ಕಡಿಮೆಯಾದಷ್ಟೂ ಮಗುಚುವ ಸಂಭವ ಹೆಚ್ಚು. ಬದು ಹತ್ತಿಸುವಾಗ ಅಡ್ಡಲಾಗಿ ಹತ್ತಿಸದೆ ನೇರವಾಗಿ ಹತ್ತಿಸಬೇಕು. ಚಾಲಕನ ಹಿಂದೆ ಉಕ್ಕಿನ ರಕ್ಷಣಾ ಕಮಾನು ಮತ್ತು ಸೀಟು ಬೆಲ್ಟು ಇರುವ ಮಾದರಿ ದೊರೆತರೆ ಅದಕ್ಕಾಗಿ ಸ್ವಲ್ಪ ಹಣ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ತಿರುಗುವ ಪಿ.ಟಿ.ಓ. ದಂಡಕ್ಕೆ ಮುಚ್ಚಳವಿರಲೇಬೇಕು, ಪಂಚೆ, ಸೀರೆಯ ಸೆರಗು ಅದರ ಬಳಿ ಸುಳಿಯಬಾರದು. ಮಕ್ಕಳನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಳ್ಳುವ ರೂಢಿಯನ್ನು ಬಿಡಬೇಕು.

ಕೊಳ್ಳುವುದೋ, ಬಾಡಿಗೆಗೆ ಕರೆಯುವುದೋ?

ಲೆಕ್ಕಕ್ಕಾಗಿ ಯಂತ್ರ ಮತ್ತು ಉಪಕರಣಗಳ ಬೆಲೆ 4 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ, ಹತ್ತು ವರ್ಷದ ನಂತರ 40 ಸಾವಿರ ಉಳಿಯಿತೆಂದರೂ ವರ್ಷಕ್ಕೆ ಸವಕಳಿ 36 ಸಾವಿರ. ಸರಾಸರಿ ಬಂಡವಾಳವಾದ 2 ಲಕ್ಷ 20 ಸಾವಿರಕ್ಕೆ ಶೇಕಡ 10ರಂತೆ ಬಡ್ಡಿ 22 ಸಾವಿರ. ವಿಮೆ, ಕೊಟ್ಟಿಗೆಗೆ 8 ಸಾವಿರ. ಒಟ್ಟು 66 ಸಾವಿರ. ಯಂತ್ರ ನಿಂತಿದ್ದರೂ ಈ ಖರ್ಚು ತಪ್ಪದು. ವರ್ಷಕ್ಕೆ 100 ಗಂಟೆ ದುಡಿಸಿದರೆ ಡೀಸೆಲ್, ರಿಪೇರಿ, ಚಾಲಕನ ಕೂಲಿ ಸೇರಿಸುವ ಮೊದಲೇ ಗಂಟೆಗೆ 660 ರೂಪಾಯಿ ಬಿದ್ದಂತಾಯಿತು. 300 ಗಂಟೆ ದುಡಿಸಿದರೆ ಅದು 220ಕ್ಕೆ ಇಳಿಯುತ್ತದೆ. ಈ ಅಂಕಿಗೆ ಇಂಧನ ಮತ್ತು ಕೂಲಿ ಸೇರಿಸಿ ತಮ್ಮ ಊರಿನ ಬಾಡಿಗೆ ದರದ ಪಕ್ಕದಲ್ಲಿ ಇಟ್ಟು ನೋಡಬೇಕು.

5 ಎಕರೆಯಲ್ಲಿ ರಾಗಿಯೊಂದನ್ನೇ ಬೆಳೆಯುವವರಿಗೆ ವರ್ಷಕ್ಕೆ 100 ಗಂಟೆ ಕೆಲಸ ಸಿಗುವುದೂ ಕಷ್ಟ. ಅಂಥವರಿಗೆ ಬಾಡಿಗೆಯೇ ಸರಿ. 2014ರಿಂದ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳ ಉದ್ದೇಶ ಇದೇ. ಅದೇ 5 ಎಕರೆಯಲ್ಲಿ ಹಿಪ್ಪುನೇರಳೆ, ತರಕಾರಿ, ಹೂವು ಇದ್ದು ತಿಂಗಳು ತಿಂಗಳೂ ಅಂತರ ಬೇಸಾಯ, ಔಷಧಿ ಸಿಂಪಡಣೆ, ಸಾಗಣೆ ಇದ್ದರೆ ಸ್ವಂತ ಯಂತ್ರಕ್ಕೆ ಅರ್ಥವಿದೆ. ಪಕ್ಕದ ಇಬ್ಬರು ಮೂವರು ರೈತರು ಕೂಡಿ ಕೊಂಡರೆ ಇನ್ನೂ ಉತ್ತಮ. ಯಾರ ಸರದಿ ಯಾವಾಗ, ರಿಪೇರಿಗೆ ಯಾರ ಪಾಲು ಎಷ್ಟು ಎಂಬುದನ್ನು ಮಾತ್ರ ಮೊದಲೇ ಕಾಗದದಲ್ಲಿ ಬರೆದುಕೊಳ್ಳಬೇಕು. ಮಳೆ ಬಿದ್ದ ದಿನ ಎಲ್ಲರಿಗೂ ಒಟ್ಟಿಗೇ ಯಂತ್ರ ಬೇಕಾಗುತ್ತದೆ.

ಸಾರಾಂಶವಾಗಿ ಈ ಭಾಗದ ಜಮೀನಿಗೆ ಹೀಗೆ ಹೇಳಬಹುದು:

1. ಎರಡು ಎಕರೆಯವರೆಗೆ: ಪವರ್ ಟಿಲ್ಲರ್ ಅಥವಾ ಕಳೆ ತೆಗೆಯುವ ಸಣ್ಣ ಯಂತ್ರ, ಉಳಿದದ್ದಕ್ಕೆ ಬಾಡಿಗೆ.
2. ಮೂರರಿಂದ ಎಂಟು ಎಕರೆ, ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ ಇದ್ದರೆ: 18ರಿಂದ 22 ಅಶ್ವಶಕ್ತಿ, ನಾಲ್ಕು ಚಕ್ರ ಎಳೆತ.
3. ಎಂಟರಿಂದ ಹದಿನೈದು ಎಕರೆ, ರಾಗಿ, ಮಾವು, ಸಾಗಣೆ ಇದ್ದರೆ: 25ರಿಂದ 30 ಅಶ್ವಶಕ್ತಿ.
4. ಅದಕ್ಕೂ ಹೆಚ್ಚಿನ ಜಮೀನು, ಅಥವಾ ಊರಿಗೆಲ್ಲ ಬಾಡಿಗೆ ಹೊಡೆಯುವ ಖಚಿತ ಕೆಲಸ ಇದ್ದರೆ ಮಾತ್ರ: 35ರಿಂದ 45 ಅಶ್ವಶಕ್ತಿ.

ಕೊಳ್ಳುವ ಮುನ್ನ

ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಆರಿಸಿದ ಮಾದರಿಯ ಪರೀಕ್ಷಾ ವರದಿಯನ್ನು ಮಾರುವವರಿಂದ ಕೇಳಿ ಪಡೆದು, ಪಿ.ಟಿ.ಓ. ಶಕ್ತಿ, ಎಳೆತ, ಇಂಧನದ ಖರ್ಚು ಈ ಮೂರನ್ನು ನೋಡಬೇಕು. ಓದಲು ತೊಡಕಾದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದ ಅಧಿಕಾರಿಯ ನೆರವು ಪಡೆಯಬಹುದು. ಸಹಾಯಧನದ ವಿವರವೂ ಅಲ್ಲೇ ಸಿಗುತ್ತದೆ. ಅರ್ಜಿ ಮಂಜೂರಾಗುವ ಮುನ್ನ ಮುಂಗಡ ಕೊಡಬಾರದು. ಸಹಾಯಧನ ಸಿಗುತ್ತದೆಂಬ ಕಾರಣಕ್ಕೆ ಬೇಡದ ಯಂತ್ರ ಕೊಂಡರೆ ಉಳಿದ ಹಣದ ಸಾಲ ರೈತನದೇ. ಬಿಡಿಭಾಗ ಮತ್ತು ಮೆಕ್ಯಾನಿಕ್ ಎಷ್ಟು ದೂರದಲ್ಲಿ ಸಿಗುತ್ತಾರೆಂದು ವಿಚಾರಿಸಬೇಕು. ಎಲ್ಲಕ್ಕೂ ಮೊದಲು ಯಂತ್ರವನ್ನು ತಮ್ಮ ಹೊಲಕ್ಕೇ ತರಿಸಿ, ತಮ್ಮ ಮಣ್ಣಿನಲ್ಲೇ, ತಮ್ಮ ಸಾಲಿನಲ್ಲೇ ಒಂದು ಗಂಟೆ ಓಡಿಸಿ ನೋಡಬೇಕು. ಅಂಗಡಿಯ ಮುಂದಿನ ಸಿಮೆಂಟು ನೆಲದಲ್ಲಿ ಎಲ್ಲ ಟ್ರ್ಯಾಕ್ಟರುಗಳೂ ಚೆನ್ನಾಗಿಯೇ ಓಡುತ್ತವೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಟ್ರ್ಯಾಕ್ಟರಿನ ವಿಷಯದಲ್ಲಿ ಹಾಸಿಗೆ ಎಂದರೆ ಹಿಡುವಳಿ, ಹದದ ದಿನಗಳು, ವರ್ಷದ ಕೆಲಸದ ಗಂಟೆಗಳು. ಇವನ್ನು ಅಳೆದು ಕೊಂಡ ಸಣ್ಣ ಯಂತ್ರ ಭೂಮಿಯನ್ನು ಉಳಿಸಿಕೊಡುತ್ತದೆ. ಅಳೆಯದೆ ಕೊಂಡ ದೊಡ್ಡ ಯಂತ್ರದ ಕಂತಿಗೆ ಆ ಭೂಮಿಯೇ ಹೋಗಬಹುದು.