ಕಿಲೋದಲ್ಲಿ ಕೊಂಡು ಪೀಸಿನಲ್ಲಿ ಮಾರುವವರು



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹೊಲಿಗೆ ಘಟಕದವರು ಸೇರಿರುವ ಈ ಎರಡು ದಿನದ ಸಂಕಿರಣದಲ್ಲಿ ನನ್ನನ್ನು ಆಶಯ ಭಾಷಣಕ್ಕೆ ಕರೆದಿದ್ದಾರೆ. ನಾನು ಭಾಷಣದವನಲ್ಲ, ಲೆಕ್ಕದವನು. ಗಾರ್ಮೆಂಟ್ಸ್‌ನಲ್ಲಿ ಕಾಸ್ಟಿಂಗ್ ಶೀಟು ಬರೆದೇ ತಲೆ ಬೆಳ್ಳಗಾಗಿದೆ. ಇಂದಿನ ವಿಷಯ ಹೂಡಿ. ಕಾಲೇಜಿನ ಫೆಸ್ಟಿಗೆ, ಕಂಪನಿಯ ವಾರ್ಷಿಕೋತ್ಸವಕ್ಕೆ, ಕ್ರಿಕೆಟ್ ಟೀಮಿಗೆ ಹೇಳಿ ಮಾಡಿಸುವ, ಬೆನ್ನ ಮೇಲೆ ಹೆಸರು ಬರೆಸಿಕೊಳ್ಳುವ ಹೂಡಿ. ಆ ಪದವನ್ನು ಕನ್ನಡದಲ್ಲಿ ಬರೆಯುವಾಗ ನನಗೆ ಯಾವಾಗಲೂ ಒಂದು ಅನುಮಾನ. ಹೂಡಿ ಅಂತ ಬರೆದರೆ ಬಂಡವಾಳ ಹೂಡಿದ ಹಾಗೆ, ದೀರ್ಘ ತಪ್ಪಿ ಹುಡಿ ಆದರೆ ಎಲ್ಲ ಪುಡಿಯಾದ ಹಾಗೆ. ಈ ವ್ಯಾಪಾರದಲ್ಲಿ ಇವೆರಡರ ನಡುವೆ ಇರುವ ದೂರವೂ ಹೆಚ್ಚುಕಡಿಮೆ ಅಷ್ಟೇ.

ತಲೆಗೆ ಮುಸುಕಿರುವ ಉಡುಪು ನಮಗೆ ಹೊಸದೇನಲ್ಲ. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಗದ್ದೆಗಿಳಿಯುವವರು ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದರು. ಒಂದು ಕಂಬಳಿ, ಒಂದು ಮಡಿಕೆ, ಮೂಲೆ ತಲೆಯ ಮೇಲೆ. ಕತ್ತರಿ ಇಲ್ಲ, ಚಿಂದಿ ಇಲ್ಲ. ಹಾಕಿದ ಬಟ್ಟೆಯಷ್ಟೂ ಮೈಮೇಲೆ. ನಾವೀಗ ಹೊಲಿಯುತ್ತಿರುವುದು ಅಮೆರಿಕದ ಕೊಪ್ಪೆ. 1930ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಶೀತಲ ಗೋದಾಮುಗಳ ಕೆಲಸಗಾರರಿಗೆಂದು ಚಾಂಪಿಯನ್ ಕಂಪನಿ ಹೊಲಿದುಕೊಟ್ಟದ್ದು. ಅದೇ ಕಂಪನಿ, ತೊಳೆದಾಗ ಉದ್ದ ಕುಗ್ಗುವುದನ್ನು ತಡೆಯಲು ಬಟ್ಟೆಯನ್ನೇ ಅಡ್ಡ ತಿರುಗಿಸಿ ಕತ್ತರಿಸುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಅಂದರೆ ಹೂಡಿಯ ಕಥೆಯಲ್ಲಿ ಮೊದಲಿನಿಂದಲೂ ತಲೆನೋವು ಬಟ್ಟೆಯದೇ, ಹೊಲಿಗೆಯದಲ್ಲ. ನಾನು ಇವತ್ತು ಹೇಳಬೇಕೆಂದು ಬಂದಿರುವ ಮಾತೂ ಅದೇ. ಖರ್ಚು ಕಡಿಮೆ ಮಾಡಬೇಕು ಅಂದಾಗ ನಮ್ಮ ಕಣ್ಣು ಮೊದಲು ಟೈಲರ್ ಕೂಲಿಯ ಮೇಲೆ ಬೀಳುತ್ತದೆ. ದುಡ್ಡು ಸೋರುತ್ತಿರುವುದು ಅಲ್ಲಿಂದ ಅಲ್ಲ.

ಹಾಸನದವರಿಗೆ ಇದನ್ನು ಆಲೂಗಡ್ಡೆಯ ಉದಾಹರಣೆಯಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಆಲೂಗಡ್ಡೆ ಬೇಸಾಯದಲ್ಲಿ ದೊಡ್ಡ ಖರ್ಚು ಬಿತ್ತನೆ ಗಡ್ಡೆಯದು, ಅದು ಪಂಜಾಬಿನ ಜಲಂಧರಿನಿಂದ ಲಾರಿಯಲ್ಲಿ ಬರುತ್ತದೆ. ಹೂಡಿಯಲ್ಲಿ ದೊಡ್ಡ ಖರ್ಚು ಫ್ಲೀಸ್ ಬಟ್ಟೆಯದು, ಅದು ತಿರುಪ್ಪೂರಿನಿಂದಲೋ ಅದೇ ಪಂಜಾಬಿನ ಲುಧಿಯಾನದಿಂದಲೋ ಬರುತ್ತದೆ. ನಮ್ಮ ಹಾಸನದ ವಿಶೇಷ ಆರ್ಥಿಕ ವಲಯದಲ್ಲಿ ಹಿಮತ್‌ಸಿಂಗ್ಕಾದಂಥ ದೊಡ್ಡ ಕಾರ್ಖಾನೆ ಇದೆ, ನಿಜ. ಆದರೆ ಅಲ್ಲಿ ತಯಾರಾಗುವುದು ಹಾಸಿಗೆ ಹೊದಿಕೆ, ಟವೆಲ್. ಹೂಡಿಗೆ ಬೇಕಾದ ಹೆಣಿಗೆ ಬಟ್ಟೆಗೆ ನಾವು ಪರವೂರನ್ನೇ ನಂಬಬೇಕು. ಬಿತ್ತನೆ ಗಡ್ಡೆಯನ್ನು ಮೂಟೆ ಬಿಚ್ಚಿ ನೋಡದೆ ಕೊಳ್ಳುವ ರೈತ ಈ ಜಿಲ್ಲೆಯಲ್ಲಿ ಇಲ್ಲ. ಬಟ್ಟೆಯ ರೋಲನ್ನು ಬಿಚ್ಚಿ ತೂಗದೆ ಕೊಳ್ಳುವ ಘಟಕಗಳು ಮಾತ್ರ ಬೇಕಾದಷ್ಟಿವೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ನಿಮ್ಮ ದರ ಹಾಕಿಕೊಳ್ಳಿ. 320 ಜಿಎಸ್‌ಎಂ ಫ್ಲೀಸ್, ಅಂದರೆ ಒಂದು ಚದರ ಮೀಟರಿಗೆ 320 ಗ್ರಾಂ. ಒಂದು ಹೂಡಿಗೆ ಎರಡು ಪದರದ ಮುಸುಕು, ಮುಂದಿನ ದೊಡ್ಡ ಜೇಬು ಎಲ್ಲ ಸೇರಿ 1.6 ಚದರ ಮೀಟರ್ ಹಿಡಿಯಿತು ಅನ್ನಿ. 512 ಗ್ರಾಂ ಆಯಿತು. ಕಿಲೋಗೆ 400 ರೂಪಾಯಿಯಂತೆ 205 ರೂಪಾಯಿ. ತೋಳಿನ ತುದಿ, ಸೊಂಟದ ಪಟ್ಟಿಯ ರಿಬ್‌ಗೆ 30. ತೂತು, ಕಲೆ, ರೋಲಿನ ಕೊನೆ ಅಂತ ಶೇ. 5 ಸೇರಿಸಿದರೆ ಬಟ್ಟೆಯದೇ 247. ದಾರ, ಲಾಡಿ, ಐಲೆಟ್, ಲೇಬಲ್, ಕವರ್ 30. ಪ್ರಿಂಟ್ 45. ಕಟಿಂಗ್, ಹೆಲ್ಪರ್, ಚೆಕಿಂಗ್, ಐರನ್, ಪ್ಯಾಕಿಂಗ್ 35. ಬಾಡಿಗೆ, ಕರೆಂಟು, ವ್ಯಾನು, ಆಫೀಸು 40.

ಇನ್ನು ಹೊಲಿಗೆ. ಒಂದು ಪೀಸಿಗೆ ನಿಗದಿಯಾದ ನಿಮಿಷ, ನಾವು ಸ್ಯಾಮ್ ಅನ್ನುತ್ತೇವಲ್ಲ, ಅದು 25 ಇರಲಿ. ಲೈನಿನ ದಕ್ಷತೆ ಶೇ. 50 ಆದರೆ ನಿಜವಾಗಿ ಹಿಡಿಯುವುದು 50 ನಿಮಿಷ. ಪಿಎಫ್, ಇಎಸ್‌ಐ, ಬೋನಸ್, ರಜೆ ಸಂಬಳ ಎಲ್ಲ ಸೇರಿ ಒಬ್ಬ ಟೈಲರಿಗೆ ದಿನಕ್ಕೆ 650 ರೂಪಾಯಿ ಖರ್ಚಾದರೆ, 480 ನಿಮಿಷಕ್ಕೆ ಹಂಚಿದಾಗ ನಿಮಿಷಕ್ಕೆ 1 ರೂಪಾಯಿ 35 ಪೈಸೆ. ಪೀಸಿಗೆ 68 ರೂಪಾಯಿ.

ಒಟ್ಟು 465. ಅದರಲ್ಲಿ ಬಟ್ಟೆ ಅರ್ಧಕ್ಕಿಂತ ಹೆಚ್ಚು. ಟೈಲರ್ ಪಾಲು ನೂರಕ್ಕೆ ಹದಿನೈದೂ ಮುಟ್ಟುವುದಿಲ್ಲ. ಈಗ ಒಬ್ಬ ಮಾಲೀಕ ಧೈರ್ಯ ಮಾಡಿ ಟೈಲರ್ ಹೆಣ್ಣುಮಗಳ ಮೇಲಿನ ದಿನದ ಖರ್ಚಿನಲ್ಲಿ 65 ರೂಪಾಯಿ ಕತ್ತರಿಸಿದ ಅನ್ನಿ. ಪೀಸಿಗೆ ಉಳಿಯುವುದು 6 ರೂಪಾಯಿ 80 ಪೈಸೆ. ಅದೇ ದಿನ ಗೋಡೌನಿಗೆ ಬಂದ ಬಟ್ಟೆ 320ರ ಬದಲು 345 ಜಿಎಸ್‌ಎಂ ಇತ್ತು, ಯಾರೂ ನೋಡಲಿಲ್ಲ. ಪೀಸಿಗೆ 40 ಗ್ರಾಂ ಹೆಚ್ಚು, 16 ರೂಪಾಯಿ ಹೋಯಿತು. 300 ಪೀಸಿನ ಆರ್ಡರಿನಲ್ಲಿ 12 ಕಿಲೋ, 4,800 ರೂಪಾಯಿ. ಗಿರಾಕಿ ಇದಕ್ಕೆ ಒಂದು ಪೈಸೆ ಹೆಚ್ಚು ಕೊಡುವುದಿಲ್ಲ. 'ಬಟ್ಟೆ ಚೆನ್ನಾಗಿ ಮಂದ ಇದೆ ಸಾರ್' ಅಂತ ಹೊಗಳುತ್ತಾನೆ, ಅಷ್ಟೆ.

ನಾವು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತೇವೆ, ಪೀಸಿನ ಲೆಕ್ಕದಲ್ಲಿ ಮಾರುತ್ತೇವೆ. ಈ ಎರಡು ಲೆಕ್ಕಗಳ ನಡುವೆ ಒಂದು ತಕ್ಕಡಿ ಇರಬೇಕು. ಜಿಎಸ್‌ಎಂ ಕಟ್ಟರ್ ಅನ್ನುವ ದುಂಡನೆಯ ಉಪಕರಣ 100 ಚದರ ಸೆಂಟಿಮೀಟರ್ ಬಿಲ್ಲೆ ಕತ್ತರಿಸಿಕೊಡುತ್ತದೆ. ಅದರ ತೂಕವನ್ನು ಗ್ರಾಮಿನಲ್ಲಿ ನೋಡಿ ನೂರರಿಂದ ಗುಣಿಸಿದರೆ ಜಿಎಸ್‌ಎಂ. ಪ್ರತಿ ರೋಲಿಗೆ ಎರಡು ನಿಮಿಷದ ಕೆಲಸ. ರೋಲು ಬಿಚ್ಚಿ ಒಂದು ದಿನ ಸಡಿಲಾಗಿ ಹರವಿಡದೆ ಲೇ ಹಾಕಿ, ಅಂದರೆ ಪದರ ಪದರವಾಗಿ ಹಾಸಿ, ಕತ್ತರಿಸಿದರೆ, ಎಳೆತದಲ್ಲಿದ್ದ ಬಟ್ಟೆ ಕತ್ತರಿಸಿದ ಮೇಲೆ ಕುಗ್ಗುತ್ತದೆ. ಎಲ್ ಸೈಜು ಎಂ ಆಗುತ್ತದೆ. ಆಮೇಲೆ ಟೈಲರನ್ನು ಬೈಯುತ್ತಾರೆ.

ನಾನೂ ತಪ್ಪು ಮಾಡಿದ್ದೇನೆ. ಸ್ವಂತಕ್ಕೆ ಹಿಡಿದ ಮೊದಲ ಆರ್ಡರ್ 140 ಹೂಡಿ, ಮರೂನ್ ಬಣ್ಣ. ದೇಹದ ಬಟ್ಟೆ ಒಂದು ಕಡೆ ತೆಗೆದುಕೊಂಡೆ. ರಿಬ್ ಇನ್ನೊಂದು ಕಡೆ ಕಿಲೋಗೆ 20 ರೂಪಾಯಿ ಕಡಿಮೆ ಸಿಕ್ಕಿತು, ಅಲ್ಲೇ ತೆಗೆದೆ. ಟ್ಯೂಬ್‌ಲೈಟ್ ಕೆಳಗೆ ಎರಡೂ ಒಂದೇ ಕಂಡವು. ಕಾಲೇಜಿನ ಮೈದಾನದಲ್ಲಿ ಹುಡುಗರು ಬಿಸಿಲಿಗೆ ನಿಂತಾಗ ಮೈಯೆಲ್ಲ ಮರೂನ್, ತೋಳಿನ ತುದಿ ಬದನೆಕಾಯಿ. ರಿಬ್‌ನಲ್ಲಿ ಉಳಿದದ್ದು ಒಟ್ಟು ಇನ್ನೂರು ರೂಪಾಯಿ ಇರಬಹುದು. 140 ಪೀಸಿಗೂ ರಿಬ್ ಬಿಚ್ಚಿ ಮತ್ತೆ ಹೊಲಿಸಿ ಕೊಟ್ಟಾಗ ಆ ಆರ್ಡರಿನ ಲಾಭ ಪೂರ್ತಿ ಹೋಗಿ ಕೈಯಿಂದಲೂ ಬಿದ್ದಿತ್ತು. ದೇಹ, ಮುಸುಕು, ರಿಬ್ ಮೂರೂ ಒಂದೇ ಡೈಯಿಂಗ್ ಲಾಟಿನಲ್ಲಿ ಬರಬೇಕು ಅನ್ನುವುದನ್ನು ಅಂದು ಕಲಿತೆ. ಆ ಪಾಠದ ಫೀಸು ಇಂಜಿನಿಯರಿಂಗ್ ಕಾಲೇಜಿಗಿಂತ ದುಬಾರಿಯಾಯಿತು.

ಹೇಳಿ ಮಾಡಿಸುವ ಹೂಡಿಯ ಇನ್ನೊಂದು ಕಷ್ಟ ಸಂಖ್ಯೆಯದು. ಮಲೆನಾಡು ಇಂಜಿನಿಯರಿಂಗ್ ಕಾಲೇಜಿನ ಒಂದು ವಿಭಾಗದಿಂದ 60 ಪೀಸು, ಶ್ರವಣಬೆಳಗೊಳದ ಕಾಲೇಜಿನಿಂದ 30 ಪೀಸು, ಹೀಗೆ ಬರುತ್ತವೆ ಅನ್ನಿ. ಲೈನಿನ ಕೈ ಕುದುರುವಷ್ಟರಲ್ಲಿ ಆರ್ಡರೇ ಮುಗಿದಿರುತ್ತದೆ. ದಕ್ಷತೆ ಐವತ್ತರಿಂದ ಮೂವತ್ತಕ್ಕೆ ಇಳಿದರೆ ಹೊಲಿಗೆಯ 68 ರೂಪಾಯಿ 113 ಆಗುತ್ತದೆ. ಇದು ಟೈಲರ್ ಸೋಮಾರಿತನ ಅಲ್ಲ. ನಾವು ಪ್ರತಿ ಆರ್ಡರಿಗೂ ಹೊಸ ಪ್ಯಾಟರ್ನ್, ಹೊಸ ಜೇಬು, ಹೊಸ ಅಳತೆ ಒಪ್ಪಿಕೊಂಡ ಫಲ. ಗಿರಾಕಿಗೆ ಬಣ್ಣ ಆರಿಸಲು ಬಿಡಿ, ಪ್ರಿಂಟ್ ಆರಿಸಲು ಬಿಡಿ, ಹೆಸರು ಬರೆಸಲು ಬಿಡಿ. ಒಳಗಿನ ಪ್ಯಾಟರ್ನ್ ಮಾತ್ರ ಒಂದೇ ಇರಲಿ. ನೂರು ಕಾಲೇಜಿಗೆ ಹೊಲಿದರೂ ಟೈಲರ್ ಕೈಗೆ ಅದೇ ತೋಳು, ಅದೇ ಮುಸುಕು ಬರಬೇಕು.

ಪ್ರಿಂಟಿನಲ್ಲೂ ಸಂಖ್ಯೆಯೇ ನಿರ್ಧರಿಸುವುದು. ಸ್ಕ್ರೀನ್ ಪ್ರಿಂಟಿಗೆ ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನು. ಮೂರು ಬಣ್ಣಕ್ಕೆ 1,200 ರೂಪಾಯಿ ಆದರೆ, 30 ಪೀಸಿಗೆ ಹಂಚಿದಾಗ ತಲಾ 40, 300ಕ್ಕೆ ಹಂಚಿದಾಗ ತಲಾ 4. ಕಡಿಮೆ ಪೀಸಿಗೆ, ಬೆನ್ನ ಮೇಲಿನ ಬೇರೆ ಬೇರೆ ಹೆಸರಿಗೆ ಡಿಟಿಎಫ್, ಅಂದರೆ ಫಿಲ್ಮಿನ ಮೇಲೆ ಮುದ್ರಿಸಿ ಬಟ್ಟೆಗೆ ಒತ್ತುವ ವಿಧಾನ, ವಾಸಿ. ಕಸೂತಿಗೆ ದರ ಸ್ಟಿಚ್‌ಗಳ ಸಂಖ್ಯೆಯ ಮೇಲೆ. ದೊಡ್ಡ ಲಾಂಛನವನ್ನು ಬೆರಳಗಲ ಚಿಕ್ಕದು ಮಾಡಲು ಒಪ್ಪಿಸಿದರೆ ಅದೇ ಉಳಿತಾಯ.

ತೆರಿಗೆಯ ಬಗ್ಗೆ ಒಂದೇ ಮಾತು. 2025ರ ಸೆಪ್ಟೆಂಬರ್ 22ರಿಂದ ಪೀಸಿಗೆ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇ. 5. ಮೊದಲು 1,000 ದಾಟಿದರೆ ಶೇ. 12 ಇತ್ತು. ನಮ್ಮ ಹೂಡಿಗಳೆಲ್ಲ ಈಗ ಐದರೊಳಗೇ ಬರುತ್ತವೆ. ಹಳೆಯ ಕೊಟೇಶನ್ನನ್ನೇ ಕಾಪಿ ಮಾಡಿ ಕಳಿಸುವುದನ್ನು ನಿಲ್ಲಿಸಿ.

ಹತ್ತಿಯ ಬೆಲೆ ಯಾರ ಕೈಯಲ್ಲೂ ಇಲ್ಲ. 2022ರ ಮೇನಲ್ಲಿ ಒಂದು ಕ್ಯಾಂಡಿ, ಅಂದರೆ ಸುಮಾರು 356 ಕಿಲೋ ಹತ್ತಿ, ಲಕ್ಷ ರೂಪಾಯಿ ದಾಟಿದ್ದು ನಿಮಗೆ ನೆನಪಿರಬಹುದು. ಅದಕ್ಕೆ ಕೆಲವು ತಿಂಗಳು ಮೊದಲೇ ದರ ಹೇಳಿ ಆಗ ಬಟ್ಟೆ ಕೊಳ್ಳಲು ಹೊರಟ ಸಣ್ಣವರ ನಿದ್ದೆ ಕೆಟ್ಟಿತ್ತು. ಕೊಟೇಶನ್ನಿನ ಕೆಳಗೆ 'ಈ ದರ 15 ದಿನ ಮಾತ್ರ' ಅಂತ ಒಂದು ಸಾಲು ಬರೆಯಲು ನಮಗೆ ಯಾಕಿಷ್ಟು ಸಂಕೋಚ?

ಬಾಕಿ ವಸೂಲಿಯೂ ತಯಾರಿಕಾ ವೆಚ್ಚವೇ. 500 ರೂಪಾಯಿಯ ಪೀಸಿನ ಹಣ ಎರಡು ತಿಂಗಳು ತಡವಾದರೆ, ತಿಂಗಳಿಗೆ ಶೇ. 2ರ ಕೈಸಾಲದಲ್ಲಿ 20 ರೂಪಾಯಿ ಹೋಯಿತು. ಟೈಲರ್ ಕೂಲಿಯಲ್ಲಿ ಹಿಂಡಲು ಹೊರಟದ್ದರ ಮೂರರಷ್ಟು. ಉದ್ಯಮ್ ನೋಂದಣಿ ಮಾಡಿಸಿಕೊಂಡ ಸಣ್ಣ ತಯಾರಕರಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಹೆಚ್ಚೆಂದರೆ 45 ದಿನದೊಳಗೆ ಹಣ ಬರಬೇಕು. ಕಂಪನಿ ಆರ್ಡರುಗಳಲ್ಲಿ ಇದನ್ನು ಬಿಲ್ಲಿನ ಮೇಲೆಯೇ ಬರೆಯಿರಿ. ವಿದ್ಯಾರ್ಥಿಗಳ ಆರ್ಡರಾದರೆ ಅರ್ಧ ಮುಂಗಡ ಬರದೆ ಕತ್ತರಿ ಎತ್ತಬೇಡಿ. ಮಕ್ಕಳು ಒಳ್ಳೆಯವರೇ, ಆದರೆ ಫೆಸ್ಟ್ ಮುಗಿದ ಮೇಲೆ ಫೋನ್ ಎತ್ತುವುದಿಲ್ಲ.

ಇನ್ನು ನಮ್ಮ ಊರುಗಳ ಮಾತು. ಹೂಡಿಯ ಆರ್ಡರ್ ಸುರಿಯುವುದು ಚಳಿಗೆ ಮುಂಚೆ, ಆಗಸ್ಟ್‌ನಿಂದ ನವೆಂಬರ್‌ವರೆಗೆ. ಅರಕಲಗೂಡು, ರಾಮನಾಥಪುರದ ಕಡೆ ಬ್ಯಾರನ್‌ಗಳಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲವೂ ಅದರೊಳಗೇ ಬರುತ್ತದೆ. ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆಯುತ್ತದೆ, ಊರು ತುಂಬ ನೆಂಟರು. ಇವುಗಳಿಂದ ಹಾಜರಿ ಕುಸಿದರೆ ಅದನ್ನು ಹೆಣ್ಣುಮಕ್ಕಳ ಬೇಜವಾಬ್ದಾರಿ ಅನ್ನುವ ಮಾಲೀಕರನ್ನು ನೋಡಿದ್ದೇನೆ. ಪ್ರತಿ ವರ್ಷ ಬರುವ ಹಬ್ಬ ಪ್ಲ್ಯಾನಿಂಗ್ ಶೀಟಿನಲ್ಲಿ ಇಲ್ಲದಿದ್ದರೆ ಬೇಜವಾಬ್ದಾರಿ ಯಾರದು? ತಡವಾಗಿ ಎಚ್ಚೆತ್ತು ಓಟಿ ಮಾಡಿಸಿದರೆ ಕಾನೂನು ಹೇಳಿದಂತೆ ಎರಡು ಪಟ್ಟು ಕೂಲಿ ಕೊಡಬೇಕು. ಮೇ, ಜೂನ್‌ನಲ್ಲಿ ಕಪ್ಪು, ನೇವಿ, ಬೂದು ಬಣ್ಣದ ಸಾದಾ ಹೂಡಿಗಳನ್ನು ಹೊಲಿದಿಟ್ಟು ಸೀಸನ್‌ನಲ್ಲಿ ಪ್ರಿಂಟ್ ಮಾತ್ರ ಮಾಡಿಕೊಡುವವನಿಗೆ ಈ ಗಲಿಬಿಲಿ ಇಲ್ಲ.

ಪಿಎಫ್ ಬಗ್ಗೆ ಒಂದು ಎಚ್ಚರಿಕೆ. ಅದನ್ನು ತಪ್ಪಿಸುವುದನ್ನೇ ವೆಚ್ಚ ನಿಯಂತ್ರಣ ಅಂದುಕೊಂಡವರು ಇಲ್ಲಿಯೂ ಇರಬಹುದು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಾಯಿಸಿದ್ದಕ್ಕೆ ಬೆಂಗಳೂರಿನ ರಸ್ತೆಗಳಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೂತರು, ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಅವರಿಗೆ ಆ ಹಣ ಮಗಳ ಮದುವೆ, ಮನೆಯ ಸೂರು. ಅದನ್ನು ಕೊಡದ ಘಟಕದಲ್ಲಿ ನುರಿತ ಟೈಲರ್ ನಿಲ್ಲುವುದಿಲ್ಲ, ಅವಳು ಹೋದ ದಿನದಿಂದ ಮೂವತ್ತರ ದಕ್ಷತೆಯೂ ನಿಲ್ಲುವುದಿಲ್ಲ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಹಾಸನದಿಂದ ಸುಮಾರು ನಲವತ್ತು ಕಿಲೋಮೀಟರಿನೊಳಗಿವೆ. ನಾಲ್ಕು ಊರಿನವರೂ ಬೇರೆ ಬೇರೆಯಾಗಿ ತಿರುಪ್ಪೂರಿಗೆ ಫೋನ್ ಮಾಡಿ ಐವತ್ತೈವತ್ತು ಕಿಲೋ ಕೇಳುತ್ತೀರಿ, ಚಿಲ್ಲರೆ ದರ ಕೊಡುತ್ತೀರಿ. ನಾಲ್ಕು ಬಣ್ಣ, ಒಂದೇ ಜಿಎಸ್‌ಎಂ, ಹಾಸನದಲ್ಲಿ ಒಂದು ಗೋಡೌನು. ಇಷ್ಟನ್ನು ಒಟ್ಟಾಗಿ ಮಾಡಲು ಈ ಎರಡು ದಿನದಲ್ಲಿ ತೀರ್ಮಾನಿಸಿದರೆ ಸಂಕಿರಣ ಸಾರ್ಥಕ ಅಂತ ನಾನು ತಿಳಿಯುತ್ತೇನೆ.

ಆಹ್ವಾನ ಪತ್ರಿಕೆಯ ಜೊತೆ ಒಂದು ಕೋರಿಕೆ ಬಂದಿತ್ತು, ನಿಮ್ಮ ಕಳೆದ ಆರ್ಡರಿನ ಒಂದು ಹೂಡಿ ಮತ್ತು ಅದರ ಕಾಸ್ಟಿಂಗ್ ಶೀಟು ತನ್ನಿ ಅಂತ. ಊಟಕ್ಕೆ ಹೋಗುವ ಮುಂಚೆ ಹೂಡಿಯನ್ನು ತೂಗಿ, ಶೀಟಿನಲ್ಲಿ ಬರೆದ ಗ್ರಾಮಿನ ಪಕ್ಕದಲ್ಲಿ ನಿಜವಾದ ಗ್ರಾಂ ಬರೆಯಿರಿ. ಮಧ್ಯಾಹ್ನದ ಗೋಷ್ಠಿ ಅಲ್ಲಿಂದಲೇ ಶುರುವಾಗುತ್ತದೆ. ತಕ್ಕಡಿ ಬಾಗಿಲ ಪಕ್ಕದಲ್ಲೇ ಇದೆ.