15ನೇ ತಾರೀಕಿನ ಹಾಲು ಎಲ್ಲಿ ಹೋಯ್ತು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತಿನ ವಿಷಯ ಎರಡು ಪುಟ್ಟ ಬಾಕ್ಸ್‌ಗಳು. ಒಂದು 'ಫ್ರಮ್ ಡೇಟ್', ಇನ್ನೊಂದು 'ಟು ಡೇಟ್'. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯುವಾಗ, ಅಗ್‌ಮಾರ್ಕ್‌ನೆಟ್‌ನಲ್ಲಿ ಅರಿಶಿನದ ರೇಟ್ ಹುಡುಕುವಾಗ, ಆಫೀಸಲ್ಲಿ ಪವರ್ ಬಿಐ ತೆರೆದಾಗ ಇವು ಎದುರಾಗುತ್ತವೆ. ತಾರೀಕು ಹಾಕ್ತೀವಿ, ಬಂದ ನಂಬರನ್ನ ನಂಬ್ತೀವಿ. ನಾನೂ ನಂಬಿದ್ದೆ.

ಗುಂಡ್ಲುಪೇಟೆ ಕಡೆಯ ಒಂದು ಹಳ್ಳಿ. ಅಲ್ಲಿನ ಹಾಲಿನ ಡೇರಿಗೆ ಪರಿಚಯದ ಮೇಲೆ ಒಂದು ರಿಪೋರ್ಟ್ ಮಾಡಿಕೊಟ್ಟಿದ್ದೆ. ಊರಿನ ಹೆಸರು ಬೇಡ, ಯಾಕಂದ್ರೆ ತಪ್ಪು ಊರಿನದಲ್ಲ, ನಂದು. 1ರಿಂದ 15ರವರೆಗೆ ಒಂದು ಬಟವಾಡೆ, 16ರಿಂದ ತಿಂಗಳ ಕೊನೆವರೆಗೆ ಇನ್ನೊಂದು. ಸೆಕ್ರೆಟರಿ ಎರಡು ತಾರೀಕು ಹಾಕಿದ್ರೆ ಸಾಕು, ಯಾರ್ಯಾರಿಗೆ ಎಷ್ಟು ದುಡ್ಡು ಅನ್ನೋದು ಪ್ರಿಂಟ್ ಆಗುತ್ತೆ. ಮೊದಲ ಬಟವಾಡೆ ದಿನ ನಾನೂ ಅಲ್ಲೇ ಇದ್ದೆ, ಹೊಗಳಿಸಿಕೊಳ್ಳೋಕೆ ಅಂತಾನೇ ಹೋಗಿದ್ದು.

ವಯಸ್ಸಾದ ಒಬ್ಬ ಅಕ್ಕ ಬಿಲ್ ಹಿಡ್ಕೊಂಡು ಬಂದ್ರು. ಸೀರೆ ಸೆರಗಿನ ಗಂಟಿನಲ್ಲಿ ದಿನದಿನದ ಸ್ಲಿಪ್‌ಗಳೆಲ್ಲ ಇವೆ. ಹದಿನೈದು ದಿನ, ಬೆಳಗ್ಗೆ ಸಂಜೆ ಸೇರಿ 30 ಸ್ಲಿಪ್. ಬಿಲ್‌ನಲ್ಲಿ ಇರೋದು 28.

"ಹದಿನೈದ್ನೆ ತಾರೀಕು ನನ್ ಹಸ ಹಾಲು ಕೊಡ್ನಿಲ್ವೇನಪ್ಪ?" ಅಂದ್ರು.

ನಾನು ಮೊದಲು ಏನಂದೆ ಗೊತ್ತಾ? "ಅಕ್ಕ, ಸ್ಲಿಪ್ ಹಳೇದು ಸೇರ್ಕೊಂಡಿರಬೇಕು, ಇನ್ನೊಂದ್ಸಲ ನೋಡಿ." ಕಂಪ್ಯೂಟರ್ ತಪ್ಪು ಮಾಡಲ್ಲ ಅನ್ನೋ ಧಿಮಾಕು. ಅವರು ಜಗಳ ಆಡಲಿಲ್ಲ. ಸ್ಲಿಪ್‌ಗಳನ್ನ ಒಂದೊಂದಾಗಿ ಟೇಬಲ್ ಮೇಲೆ ಜೋಡಿಸಿದ್ರು, ಅಷ್ಟೇ. ಕೊನೆಯ ಎರಡರಲ್ಲೂ 15 ಅಂತ ಅಚ್ಚಾಗಿತ್ತು. ಆಮೇಲೆ ನೋಡಿದ್ರೆ, ಅವರೊಬ್ಬರದ್ದಲ್ಲ, ಇಡೀ ಊರಿನ 15ನೇ ತಾರೀಕಿನ ಹಾಲು ಬಿಲ್‌ನಲ್ಲೇ ಇಲ್ಲ.

ಆಗಿದ್ದು ಇಷ್ಟು. ಮೊದಲು ಡೇರಿಯಲ್ಲಿ ಎಕ್ಸೆಲ್‌ನಲ್ಲಿ ಬರೀ ತಾರೀಕು ಬರೀತಿದ್ರು. ಹೊಸ ಮೆಷಿನ್ ಬಂದ ಮೇಲೆ ತಾರೀಕಿನ ಜೊತೆ ಗಂಟೆ, ನಿಮಿಷವೂ ಡೇಟಾಬೇಸ್‌ಗೆ ಹೋಗೋಕೆ ಶುರುವಾಯ್ತು. ನನ್ನ ಕ್ವೆರಿ ಮಾತ್ರ ಹಳೇದೇ: 1 ಮತ್ತು 15ರ 'ಬಿಟ್ವೀನ್'. ನಮಗೆ "15ರವರೆಗೆ" ಅಂದ್ರೆ 15ರ ರಾತ್ರಿ ಮಲಗೋವರೆಗೆ. ಡೇಟಾಬೇಸ್‌ಗೆ ಹಾಗಲ್ಲ. ಗಂಟೆ ಹೇಳದೇ ಬರೀ 15 ಅಂದ್ರೆ, ಅದು 15ನೇ ತಾರೀಕು ಶುರುವಾದ ಕ್ಷಣ, ಅಂದ್ರೆ ಮಧ್ಯರಾತ್ರಿ ಸೊನ್ನೆ ಗಂಟೆ ಅಂತ ತಗೊಳ್ಳುತ್ತೆ. ಬೆಳಗ್ಗೆ ಆರೂವರೆಗೆ ಹಾಕಿದ ಹಾಲು ಆ ಗೆರೆಯಿಂದ ಆಚೆ.

ಮುಂದಿನ ಬಿಲ್‌ನಲ್ಲಿ ಬರುತ್ತಲ್ಲ ಅಂತೀರಾ? ಅದು 16ರಿಂದ ಶುರು. 15ನೇ ತಾರೀಕು ಎರಡಕ್ಕೂ ಸೇರಲ್ಲ. ತಿಂಗಳ ಕೊನೆಯ ದಿನವೂ ಇದೇ ಕಥೆ. ಹೊತ್ತಿಗೆ 4 ಲೀಟರ್, ಲೀಟರಿಗೆ 35 ರೂಪಾಯಿ ಅಂತ ಇಟ್ಕೊಳ್ಳಿ. ದಿನಕ್ಕೆ 280, ತಿಂಗಳಿಗೆ 560 ರೂಪಾಯಿ ಮಾಯ. ರಿಪೋರ್ಟ್‌ನ ಕೂಡು ಲೆಕ್ಕ ಮಾತ್ರ ಸರಿಯಾಗೇ ಇರುತ್ತೆ, ಯಾಕಂದ್ರೆ ಇಲ್ಲದ ಸಾಲನ್ನ ಅದು ಕೂಡೋದೇ ಇಲ್ಲ.

ಸರಿ ಮಾಡೋದು ಹೇಗೆ? ಕೆಲವರು ಕೊನೆ ತಾರೀಕಿಗೆ ರಾತ್ರಿ 11 ಗಂಟೆ 59 ನಿಮಿಷ 59 ಸೆಕೆಂಡ್ ಅಂತ ಅಂಟಿಸ್ತಾರೆ. ಸೆಕೆಂಡಿನ ಭಾಗಗಳನ್ನೂ ದಾಖಲಿಸೋ ಡೇಟಾಬೇಸ್‌ನಲ್ಲಿ ಆ ಕೊನೇ ಸೆಕೆಂಡಿನ ಡೇಟಾ ಆಗಲೂ ತಪ್ಪಿಸಿಕೊಳ್ಳುತ್ತೆ. ಇನ್ನು ಕೆಲವರು ಪ್ರತಿ ಸಾಲಿನಿಂದಲೂ ಗಂಟೆ ಕಿತ್ತು ಬರೀ ತಾರೀಕು ಮಾಡಿ ಹೋಲಿಸ್ತಾರೆ. ಉತ್ತರ ಸರಿ ಬರುತ್ತೆ, ಆದರೆ ಲಕ್ಷಗಟ್ಟಲೆ ಸಾಲು ಇದ್ರೆ ಇಂಡೆಕ್ಸ್ ಉಪಯೋಗಕ್ಕೆ ಬಾರದೆ ರಿಪೋರ್ಟ್ ತೆವಳುತ್ತೆ. ನಾನು ಈಗ ಮಾಡೋದು ಹೀಗೆ: 1ನೇ ತಾರೀಕು ಅಥವಾ ಅದಕ್ಕಿಂತ ಆಮೇಲೆ, ಮತ್ತು 16ಕ್ಕಿಂತ ಮೊದಲು. 15 ಅನ್ನೋ ಮಾತೇ ಎತ್ತಲ್ಲ. ಬಳಸೋರು ಬಾಕ್ಸ್‌ನಲ್ಲಿ 15 ಅಂತಾನೇ ಹಾಕ್ತಾರೆ, ಒಳಗೆ ಒಂದು ದಿನ ಕೂಡಿಸೋದು ನಮ್ಮ ಕೆಲಸ.

ನಿಮ್ಮ ರಿಪೋರ್ಟ್‌ನಲ್ಲೂ ಈ ತೊಂದರೆ ಇದೆಯಾ ಅಂತ ಹತ್ತು ಸೆಕೆಂಡಲ್ಲಿ ನೋಡಬಹುದು. ವ್ಯವಹಾರ ನಡೆದಿದೆ ಅಂತ ಗೊತ್ತಿರೋ ಒಂದು ದಿನವನ್ನ ಎರಡೂ ಬಾಕ್ಸ್‌ಗೆ ಹಾಕಿ. ಖಾಲಿ ಬಂತಾ? ಇದೇ ರೋಗ ಇರಬಹುದು.

ಇನ್ನು ದಿನ ಅನ್ನೋದು ಮಧ್ಯರಾತ್ರಿಗೇ ಮುಗೀಬೇಕು ಅಂತೇನೂ ಇಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಸುಲ್ತಾನ್ ಬತ್ತೇರಿಗೆ ಹೋಗೋ ರಸ್ತೆ ಗೊತ್ತಲ್ಲ, ಈಗಿನ ಹೆದ್ದಾರಿ 766. ಕಾಡುಪ್ರಾಣಿಗಳ ಸಲುವಾಗಿ 2009ರಲ್ಲಿ ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಬಂತು. ಆಂಬ್ಯುಲೆನ್ಸ್‌ನಂಥ ತುರ್ತು ವಾಹನಗಳನ್ನ ಬಿಡ್ತಾರೆ. ಈಗ ಹಾಗೆ ರಾತ್ರಿ ಹೋದ ವಾಹನ ಎಷ್ಟು ಅಂತ ರಿಪೋರ್ಟ್ ಬೇಕು ಅಂದ್ಕೊಳ್ಳಿ. 10ನೇ ತಾರೀಕು ಅಂತ ಫಿಲ್ಟರ್ ಹಾಕಿದ್ರೆ ಸಿಗೋದು ಹಿಂದಿನ ರಾತ್ರಿಯ ಬಾಲ, ಈ ರಾತ್ರಿಯ ತಲೆ. ಒಂದು ಇಡೀ ರಾತ್ರಿ ಸಿಗಲ್ಲ. ಉಪಾಯ ಸುಲಭ. ಪ್ರತಿ ಸಮಯದಿಂದ 6 ಗಂಟೆ ಕಳೀರಿ. ರಾತ್ರಿ 9 ಅನ್ನೋದು ಮಧ್ಯಾಹ್ನ 3 ಆಗುತ್ತೆ, ಬೆಳಗ್ಗೆ 5:59 ಹಿಂದಿನ ದಿನದ ರಾತ್ರಿ 11:59 ಆಗುತ್ತೆ. ಇಡೀ ರಾತ್ರಿ ಒಂದೇ ತಾರೀಕಿನಡಿ ಬಂದು ಕೂರುತ್ತೆ.

ಇದೇ ಗಂಟೆ ಕಳೆಯೋ ಲೆಕ್ಕ ನಿಮಗೆ ಹೇಳದೇ ಕೇಳದೇ ನಡೆಯೋದೂ ಉಂಟು. ಎಷ್ಟೋ ಕ್ಲೌಡ್ ಡೇಟಾಬೇಸ್‌ಗಳು ಸಮಯವನ್ನ ಯುಟಿಸಿಯಲ್ಲಿ ಇಡುತ್ತವೆ. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವ 5ಕ್ಕೆ ಲೋಡ್ ಆದ ಚೆಂಡು ಹೂವು ಅಲ್ಲಿ ಹಿಂದಿನ ರಾತ್ರಿ 11:30ರ ಲೆಕ್ಕ. ಹೂವಿನ ವ್ಯಾಪಾರ ನಡೆಯೋದೇ ಆ ಹೊತ್ತಲ್ಲಿ, ಹಾಗಾಗಿ ಸಮಯವನ್ನ ನಮ್ಮ ಗಡಿಯಾರಕ್ಕೆ ಬದಲಾಯಿಸಿದ ಮೇಲೇ ಫಿಲ್ಟರ್ ಹಾಕಿ.

ಹೂವು ಅಂದಾಗ ನೆನಪಾಯ್ತು. ಗುಂಡ್ಲುಪೇಟೆಯ ಹೂವು, ತರಕಾರಿ ಓಣಂಗೆ ಕೇರಳಕ್ಕೆ ಹೋಗುತ್ತೆ. ತಿರುವೋಣಂ 2023ರಲ್ಲಿ ಆಗಸ್ಟ್ 29ಕ್ಕೆ ಬಂತು, 2024ರಲ್ಲಿ ಸೆಪ್ಟೆಂಬರ್ 15ಕ್ಕೆ. ರಿಪೋರ್ಟ್‌ನಲ್ಲಿ ಆಗಸ್ಟ್ ಅಂತ ಆರಿಸಿ 'ಹಿಂದಿನ ವರ್ಷದ ಜೊತೆ ಹೋಲಿಕೆ' ಒತ್ತಿದ್ರೆ 2024ರಲ್ಲಿ ವ್ಯಾಪಾರ ಬಿದ್ದೇ ಹೋಯ್ತು ಅನ್ನಿಸಬಹುದು. ಬಿದ್ದಿರಲ್ಲ, ಹಬ್ಬ ಮುಂದೆ ಹೋಗಿರುತ್ತೆ. ಇಂಥ ಕಡೆ ತಿಂಗಳು ಬಿಡಿ, ಹಬ್ಬಕ್ಕೆ ಮುಂಚಿನ ಹತ್ತು ದಿನ ಅಂತ ಎರಡೂ ವರ್ಷ ಲೆಕ್ಕ ಹಾಕಿ. ಅದಕ್ಕೆ ಹಬ್ಬದ ತಾರೀಕುಗಳ ಒಂದು ಪುಟ್ಟ ಟೇಬಲ್ ಬೇಕು, ಅದನ್ನ ಕೈಯಾರೆ ನೀವೇ ಮಾಡ್ಕೋಬೇಕು.

ಹಾಂ, ಆ ಅಕ್ಕನ ಬಿಲ್. ಅವತ್ತೇ ಕ್ವೆರಿ ತಿದ್ದಿ ಎಲ್ಲರದ್ದೂ ಮತ್ತೆ ಪ್ರಿಂಟ್ ಹಾಕಿದ್ವಿ, 30 ಹೊತ್ತೂ ಬಂತು. ಅವರು ಹೊಸ ಬಿಲ್ಲನ್ನೂ ಸ್ಲಿಪ್ ಇಟ್ಟು ಒಂದೊಂದೇ ಹೋಲಿಸಿ ನೋಡಿ, ಆಮೇಲೆ ಹೆಬ್ಬೆಟ್ಟು ಒತ್ತಿದ್ರು.